ಹಳೇ ತ್ಸುಬಾ ಕೈಗೆ ಬಂದ್ರೆ ನಾನು ಅದನ್ನ ಓದೋ ಕ್ರಮ: ನನ್ನ ಅನುಭವ

ತ್ಸುಬಾ, ಅಂದ್ರೆ ಜಪಾನಿ ಕತ್ತಿಯ ಹಿಡಿ ಹತ್ರ ಇರೋ ತಡೆಬಿಲ್ಲೆ, ಕೈಗೆ ಬಂದ ತಕ್ಷಣ ನಾನು ಮೊದ್ಲು ನಡುವಿನ ತೂತು ನೋಡ್ತೀನಿ, ಆಮೇಲೆ ಅಂಚು, ಆಮೇಲೆ ಲೋಹ, ಮೇಲಿರೋ ಚಿತ್ರದ ಕಡೆ ಗಮನ ಕೊಡೋದು ಎಷ್ಟೋ ಹೊತ್ತಾದ್ಮೇಲೆ, ಸಹಿ ಅಂತೂ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನ ಪೂರ್ತಿ ಉಲ್ಟಾ ಮಾಡ್ತಾರೆ, ಮೊದ್ಲು ಸಹಿ ಓದಿಸ್ಕೊಂಡು, ಆ ಹೆಸರನ್ನ ನೆಟ್ಟಲ್ಲಿ ಹುಡುಕಿ, ಸಿಕ್ಕ ಇಸವಿನೇ ಈ ತ್ಸುಬಾದ ಇಸವಿ ಅಂತ ಬರ್ಕೊಂಡ್ಬಿಡ್ತಾರೆ. ಹೆಸರನ್ನ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಕೆತ್ತಬಹುದು, ಆದ್ರೆ ಇನ್ನೂರು ವರ್ಷ ಕತ್ತಿ ಮೇಲೆ ಕೂತು ಸವೆದ ಕಬ್ಬಿಣವನ್ನ ಹೊಸದಾಗಿ ಹುಟ್ಟಿಸೋದು ಬಹಳ ಕಷ್ಟ. ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇಷ್ಟೇ, ಉಳಿದಿದ್ದೆಲ್ಲ ಅದನ್ನ ಮಾಡೋದು ಹೇಗೆ ಅನ್ನೋ ವಿವರ.

ಗೊತ್ತಿಲ್ದೋರಿಗೆ ಒಂದೆರಡು ಮಾತು. ಜಪಾನಿ ಕತ್ತಿಯ ಹಿಡಿ ಮತ್ತು ಅಲಗಿನ ಮಧ್ಯೆ ಒಂದು ಚಪ್ಪಟೆ ಬಿಲ್ಲೆ ಇರತ್ತಲ್ಲ, ಕೈ ಜಾರಿ ಅಲಗಿನ ಮೇಲೆ ಹೋಗದ ಹಾಗೆ ತಡೆಯೋದು, ಅದೇ ತ್ಸುಬಾ. ದೊಡ್ಡ ಕತ್ತಿ ಕತಾನಾದ್ದು ಸುಮಾರಾಗಿ 7ರಿಂದ 8.5 ಸೆಂಟಿಮೀಟರ್, ಸಣ್ಣ ಕತ್ತಿ ವಾಕಿಜಾಶಿದು ಅದಕ್ಕಿಂತ ಚಿಕ್ಕದು, ಬಾಕು ತಾಂತೋದು ಇನ್ನೂ ಚಿಕ್ಕದು. ನಾನಿರೋದು ಟೋಕಿಯೋದ ನಿಶಿ ಕಸಾಯ್ ಕಡೆ, ಇಲ್ಲಿ ನಮ್ಮೋರು ತುಂಬಾ ಜನ ಇದಾರೆ, ಐಟಿ ಕೆಲಸ. ಯೂರಾಕುಚೋದಲ್ಲಿ ಭಾನುವಾರ ನಡೆಯೋ ಓಎಡೋ ಆಂಟೀಕ್ ಮಾರ್ಕೆಟ್ಟಲ್ಲಿ ಓಡಾಡ್ತಾ ಓಡಾಡ್ತಾ ಇದರ ಹುಚ್ಚು ಹಿಡೀತು. ಕ್ಯೋಟೋಗೆ ಹೋದ್ರೆ ಪ್ರತಿ ತಿಂಗಳು 21ನೇ ತಾರೀಖು ತೋಜಿ ದೇವಸ್ಥಾನದ ಸಂತೆ ಇರತ್ತೆ, ಅದನ್ನ ಬಿಡಲ್ಲ. ಜಪಾನಲ್ಲಿ ಅಲಗು ಇಟ್ಕೊಳ್ಬೇಕು ಅಂದ್ರೆ ಅದರ ಜೊತೆ ಸರ್ಕಾರಿ ನೋಂದಣಿ ಪತ್ರ ಇರ್ಲೇಬೇಕು, ಬರೀ ತ್ಸುಬಾಗೆ ಅದರ ಗೊಡವೆ ಇಲ್ಲ, ಹಂಗಾಗಿ ಸಂಬಳದೋರ ಕೈಗೂ ಎಟುಕೋ ಕಲೆ ಇದು.

ಈಗ ತೂತಿನ ವಿಷಯ. ತ್ಸುಬಾನ ನಡುವಿನ ತೂತಿನ ಚೂಪು ತುದಿ ಮೇಲೆ ಬರೋ ಹಾಗೆ ಹಿಡ್ಕೊಳ್ಳಿ. ನಡುವೆ ಕಾಣೋ ಉದ್ದನೆ ಬೆಣೆ ಆಕಾರದ ತೂತು ನಕಾಗೊ ಆನಾ, ಅಲಗಿನ ಬಾಲ ತೂರೋ ಜಾಗ. ಅದರ ಸುತ್ತ ಮೊಟ್ಟೆ ಆಕಾರದ ಸಮತಟ್ಟು ಜಾಗ ಸೆಪ್ಪಾದಾಯ್. ಎಡಗಡೆ ಅರ್ಧಚಂದ್ರದ ಥರ ತೂತು ಇದ್ರೆ ಅದು ಕೊಝುಕಾ ಅನ್ನೋ ಸಣ್ಣ ಚಾಕು ತೂರಕ್ಕೆ, ಬಲಗಡೆ ಮೂರು ಉಬ್ಬು ಇರೋ ತೂತು ಕೂದಲು ಸರಿಮಾಡ್ಕೊಳ್ಳೋ ಕಡ್ಡಿ ಕೋಗಾಯ್‌ಗೆ. ಹಿಂಗೆ ಕಂಡ್ರೆ ನೀವು ನೋಡ್ತಿರೋದು ಮುಂಬದಿ, ಅಂದ್ರೆ ಹಿಡಿ ಕಡೆಗಿರೋ ಮುಖ.

ಒಂದು ತ್ಸುಬಾ ಒಂದೇ ಅಲಗಿನ ಜೊತೆ ಜೀವನ ಪೂರ್ತಿ ಇರ್ತಿರ್ಲಿಲ್ಲ. ಮಾಲೀಕ ಬದಲಾದ, ಒರೆ ಹಿಡಿ ಹೊಸದು ಮಾಡಿಸಿದ, ಅಪ್ಪನ ತ್ಸುಬಾನ ಮಗ ತನ್ನ ಕತ್ತಿಗೆ ಹಾಕಿಸ್ಕೊಂಡ, ಹಿಂಗೆಲ್ಲ ಆದಾಗ ಪ್ರತಿ ಸಲ ತೂತನ್ನ ಹೊಸ ಅಲಗಿಗೆ ಹೊಂದಿಸ್ಬೇಕು. ತೂತು ಸಡಿಲ ಆದ್ರೆ ಸುತ್ತ ಉಳಿ ಇಟ್ಟು ಹೊಡೆದು ಕಬ್ಬಿಣವನ್ನ ಒಳಕ್ಕೆ ತಳ್ತಿದ್ರು, ಇಲ್ಲಾ ಮೇಲೆ ಕೆಳಗೆ ತಾಮ್ರದ ತುಂಡು ತುರುಕಿ ಅರ ಹಾಕಿ ಸರಿ ಮಾಡ್ತಿದ್ರು, ಈ ತಾಮ್ರದ ತುಂಡಿಗೆ ಸೆಕಿಗಾನೆ ಅಂತಾರೆ. ನಾನು ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಇಟ್ಟು ನೋಡೋದು ಈ ಉಳಿ ಗುರುತುಗಳ ತಳವನ್ನ. ಹಳೇ ಗುರುತಿನ ತಳದಲ್ಲೂ ಉಳಿದ ಮೈಯಲ್ಲಿರೋ ಬಣ್ಣವೇ ಇರತ್ತೆ, ಗುರುತಿನ ಅಂಚು ಸವೆದು ಮೆತ್ತಗಾಗಿರತ್ತೆ. ಮೊನ್ನೆ ಮೊನ್ನೆ ಹೊಡೆದಿದ್ದು ಚೂಪಾಗಿರತ್ತೆ, ತಳದಲ್ಲಿ ಬೂದು ಹೊಳಪು ಇಲ್ಲಾ ಕಿತ್ತಳೆ ತುಕ್ಕು ಕಾಣತ್ತೆ. ಹಳೇದು ಅಂತ ತೋರಿಸಕ್ಕೆ ಈ ಗುರುತುಗಳನ್ನ ಹೊಸದಾಗಿ ಹೊಡೆಯೋ ಚಾಳಿ ಇದೆ, ಅದಕ್ಕೇ ಗುರುತು ಇದೆ ಅಂತ ಖುಷಿಪಡೋದಕ್ಕಿಂತ ಗುರುತು ಹೆಂಗಿದೆ ಅಂತ ನೋಡಿ. ಸೆಪ್ಪಾದಾಯ್ ಮೇಲೆ ಸೆಪ್ಪಾ ಅನ್ನೋ ತಾಮ್ರದ ವಾಷರ್ ಕೂರತ್ತೆ, ಬಹಳ ವರ್ಷ ಕೂತಿದ್ರೆ ಅದರ ಅಂಚಿನ ಗೆರೆ ಸಣ್ಣಗೆ ಅಚ್ಚಾಗಿರತ್ತೆ, ಒಳಗಿನ ಬಣ್ಣ ಹೊರಗಿಗಿಂತ ಸ್ವಲ್ಪ ಬೇರೆ ಇರತ್ತೆ. ಈ ಎರಡು ಸಿಕ್ಕಿದ್ರೆ ಇದು ನಿಜವಾಗ್ಲೂ ಕತ್ತಿ ಮೇಲೆ ಕೂತಿದ್ದು ಅಂತ ಧೈರ್ಯ ಬರತ್ತೆ. ಏನೂ ಸಿಗ್ಲಿಲ್ಲ ಅಂದ್ರೆ ಸುಳ್ಳು ಅಂತಲ್ಲ, ಎಡೋ ಕಾಲದ (1603ರಿಂದ 1868) ಕೊನೇಲಿ ಬರೀ ಉಡುಗೊರೆಗೆ, ಪ್ರದರ್ಶನಕ್ಕೆ ಮಾಡಿದ್ದೂ ಬೇಕಾದಷ್ಟಿದೆ.

ಪಕ್ಕದ ತೂತುಗಳು ಇನ್ನೂ ಒಳ್ಳೆ ಸಾಕ್ಷಿ. ತುಂಬಾ ಹಳೇ ಸರಳ ಕಬ್ಬಿಣದ ಬಿಲ್ಲೆಗಳಲ್ಲಿ ಈ ತೂತುಗಳು ಎಷ್ಟೋ ಸಲ ಮೊದ್ಲು ಇರ್ಲೇ ಇಲ್ಲ, ಆಮೇಲೆ ಕೊರೆದಿದ್ದು. ಗೊತ್ತಾಗೋದು ಹೇಗೆ ಅಂದ್ರೆ ತೂತು ಚಿತ್ರದ ಮೇಲೆ ಹಾದುಹೋಗಿರತ್ತೆ, ಕೊರೆದ ಹೂವಿನ ಅರ್ಧ ಎಸಳು ತಿಂದಿರತ್ತೆ, ಅಥವಾ ತೂತಿನ ಒಳಗೋಡೆ ಬೇರೆ ಗೋಡೆಗಳಿಗಿಂತ ನುಣ್ಣಗೆ ಇರತ್ತೆ. ಕೆಲವು ಸಲ ಉಲ್ಟಾ, ಇದ್ದ ತೂತನ್ನ ಬೇಡ ಅಂತ ಸೀಸದಿಂದಲೋ ಶಾಕುದೋ ಅನ್ನೋ ತಾಮ್ರದ ಮಿಶ್ರಲೋಹದಿಂದಲೋ ಮುಚ್ಚಿರ್ತಾರೆ. ಈ ಥರ ಒಂದರ ಮೇಲೊಂದು ಆಗಿರೋ ಬದಲಾವಣೆಗಳನ್ನ ಕ್ರಮವಾಗಿ ಬರ್ಕೊಂಡ್ರೆ, ಯಾವುದು ಮೊದ್ಲು ಯಾವುದು ಆಮೇಲೆ ಅಂತ, ಇಸವಿ ಗೊತ್ತಾಗದೇ ಇದ್ರೂ ವಸ್ತು ಎಷ್ಟು ಕೈ ದಾಟಿದೆ ಅನ್ನೋ ಅಂದಾಜು ಸಿಗತ್ತೆ.

ಅಂಚಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ. ಚೌಕ ಅಂಚಾ, ಗುಂಡು ಅಂಚಾ, ಬಡಿದು ಮೇಲಕ್ಕೆ ಮಡಚಿದ ಅಂಚಾ ಅಂತ ಮೊದ್ಲು ಬೆರಳಲ್ಲಿ ಸವರಿ ನೋಡಿ, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗತ್ತೆ. ಆಮೇಲೆ ಟಾರ್ಚನ್ನ ಓರೆಯಾಗಿ ಹಿಡಿದು ನೋಡಿದ್ರೆ ಕೆಲವು ಹಳೇ ಕಬ್ಬಿಣದ ಅಂಚಲ್ಲಿ ಗಂಟು ಗಂಟಾಗಿ, ಎಳೆ ಎಳೆಯಾಗಿ ಉಬ್ಬು ಕಾಣತ್ತೆ. ಇದಕ್ಕೆ ತೆಕ್ಕೋತ್ಸು ಅಂತಾರೆ. ಬೇರೆ ಬೇರೆ ಗಡಸುತನದ ಕಬ್ಬಿಣ ಸೇರಿಸಿ ಬಡಿದಾಗ ಗಡಸು ಭಾಗ ಸವೆಯದೇ ಎದ್ದು ನಿಂತಿರತ್ತೆ. ಓವಾರಿ, ಕನಾಯಾಮಾ ಅನ್ನೋ ಪರಂಪರೆಗಳಲ್ಲಿ ಇದನ್ನ ಜನ ಹುಡುಕಿ ಹುಡುಕಿ ನೋಡ್ತಾರೆ, ಕ್ಯೋ ಸುಕಾಶಿ ಅಂತ ಕರೆಯೋ ಕ್ಯೋಟೋ ಶೈಲಿಯ ನಾಜೂಕು ಜಾಲಂದ್ರ ಕೆಲಸದಲ್ಲಿ ಸಾಮಾನ್ಯವಾಗಿ ಕಾಣ್ಸಲ್ಲ. ಆದ್ರೆ ತೆಕ್ಕೋತ್ಸು ಕಂಡ್ತು ಅಂದ ಮಾತ್ರಕ್ಕೆ ಎಡೋಗಿಂತ ಹಿಂದಿನ ಮುರೊಮಾಚಿ ಕಾಲ ಅಂತ ಹಾರಾಡೋದು ಬೇಡ, ಮುಂದಿನ ಕಾಲದೋರೂ ಹಳೇ ರುಚಿ ಅಂತ ಬೇಕೂಂತ್ಲೇ ಮಾಡಿದಾರೆ.

ಅಳತೆ ತಗೊಳ್ಳೋದನ್ನ ಯಾರೂ ಬಿಡ್ಬಾರ್ದು. ಡಿಜಿಟಲ್ ವರ್ನಿಯರ್, ಅಡುಗೆಮನೆ ತೂಕದ ಸ್ಕೇಲ್, ಹತ್ತು ಪಟ್ಟು ಲೂಪ್, ಸಣ್ಣ ಎಲ್‌ಇಡಿ ಟಾರ್ಚ್, ಇಷ್ಟು ಸಾಕು. ಎತ್ತರ, ಅಗಲ, ಸೆಪ್ಪಾದಾಯ್ ಹತ್ರ ದಪ್ಪ, ಅಂಚಲ್ಲಿ ದಪ್ಪ, ಈ ನಾಲ್ಕು ಅಂಕಿ ಇಲ್ಲದ ಫೋಟೋ ನೋಡಿ ಯಾರಾದ್ರೂ ಇದು ಇಂಥ ಶಾಲೆ, ಅಂದ್ರೆ ಇಂಥ ಪರಂಪರೆಯ ಕೆಲಸ, ಅಂತ ಹೆಸರು ಹೇಳಿದ್ರೆ ನಾನು ಆ ಮಾತಿಗೆ ಬೆಲೆ ಕೊಡಲ್ಲ. ಫೋಟೋದಲ್ಲಿ ಎಲ್ಲ ಒಂದೇ ಸೈಜು, ಕೈಯಲ್ಲಿ ಹಿಡಿದಾಗ 2.5 ಮಿಲಿಮೀಟರ್ ದಪ್ಪದ ಅಗಲವಾದ ತೆಳು ಬಿಲ್ಲೆನೂ 6 ಮಿಲಿಮೀಟರ್ ದಪ್ಪದ ಪುಟ್ಟ ಗಟ್ಟಿ ಬಿಲ್ಲೆನೂ ಬೇರೆ ಬೇರೆ ಲೋಕದ್ದು. ಹೋಲಿಸೋಕೆ ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎರಡರದ್ದೂ ಸಂಗ್ರಹ ಆನ್‌ಲೈನಲ್ಲಿದೆ, ಬಾಸ್ಟನ್ನಿನದರಲ್ಲಿ ವಿಲಿಯಂ ಸ್ಟರ್ಜಿಸ್ ಬಿಗೆಲೋ ಕೊಟ್ಟಿದ್ದು ರಾಶಿ ರಾಶಿ ಇದೆ. ಸಂಜೆ ಕೆಲಸ ಮುಗಿಸ್ಕೊಂಡು ಅಲ್ಲಿನ ಫೋಟೋ ನೋಡ್ತಾ ಅಳತೆ ಬರ್ಕೊಳ್ತಾ ಹೋದದ್ದೇ ನನಗೆ ಸಿಕ್ಕ ಅತಿ ದೊಡ್ಡ ಪಾಠ.

ಈಗ ಒಂದು ನಿಜವಾದ ವಸ್ತು ತಗೊಳ್ಳೋಣ. ನನ್ನ ಹತ್ರ ಇರೋದು, ಸಹಿ ಇಲ್ಲ, ಕಬ್ಬಿಣ, ದುಂಡಗಿದೆ, ಒಳಗೆ ಜಾಲಂದ್ರದ ಥರ ಕೊರೆದು ಎತ್ತರ ಹುಲ್ಲು ಬಾಗಿರೋದು, ಮಧ್ಯೆ ಹಾರೋ ಬಾತುಗಳು. ಎತ್ತರ 75.5, ಅಗಲ 74 ಮಿಲಿಮೀಟರ್. ಮಾರೋರು ಚೀಟೀಲಿ ಬರೆದಿದ್ದು ಓವಾರಿ, ಮುರೊಮಾಚಿ ಕಾಲ ಅಂತ. ಮುರೊಮಾಚಿ ಅಂದ್ರೆ 1336ರಿಂದ 1573, ಅಷ್ಟು ಹಿಂದಕ್ಕೆ ಹೋದ್ರೆ ಬೆಲೆನೂ ಹಂಗೇ ಏರತ್ತೆ, ಅದಕ್ಕೇ ಚೀಟಿಗಳಲ್ಲಿ ಈ ಪದ ಬಹಳ ಧಾರಾಳವಾಗಿ ಓಡಾಡತ್ತೆ.

ದಪ್ಪ ತಗೊಂಡೆ. ನಡುವೆ 6 ಮಿಲಿಮೀಟರ್, ಅಂಚಲ್ಲಿ 5ಕ್ಕಿಂತ ಚೂರು ಕಮ್ಮಿ. ಅಂದ್ರೆ ಹೊಟ್ಟೆ ದಪ್ಪ, ಅಂಚಿಗೆ ಹೋಗ್ತಾ ತೆಳ್ಳಗೆ. ಓವಾರಿ ಸಾಮಾನ್ಯವಾಗಿ ಸಮತಟ್ಟು, ಅಂಚೂ ಚೌಕವಾಗಿ ನಿಂತಿರತ್ತೆ, ಚಿತ್ರ ಎಡ ಬಲ ಮೇಲೆ ಕೆಳಗೆ ಸಮ ಇರೋ ಥರ ಬಿಗಿಯಾಗಿರತ್ತೆ. ಇಲ್ಲಿ ಅಂಚು ಗುಂಡಗೆ ತಿದ್ದಿದಾರೆ, ಹುಲ್ಲು ಒಂದು ಕಡೆಗೆ ವಾಲಿದೆ, ಗಾಳಿ ಬೀಸಿದ ಹಾಗೆ. ಆಮೇಲೆ ಟಾರ್ಚನ್ನ ಕೊರೆದ ಭಾಗದ ಒಳಗೋಡೆಗೆ ಬಿಟ್ಟು ಲೂಪಲ್ಲಿ ನೋಡಿದ್ರೆ ಮೇಲಿನ ಮುಖಕ್ಕೆ ಸಮಾನಾಂತರವಾಗಿ ಸಣ್ಣ ಗೆರೆ ಓಡ್ತಿದೆ, ಒಂದು ಕಡೆ ಮಾತ್ರ ಅಲ್ಲ, ಎದುರು ಗೋಡೇಲೂ ಅದೇ ಎತ್ತರದಲ್ಲಿದೆ. ಕಬ್ಬಿಣದ ಪದರಗಳನ್ನ ಒಂದರ ಮೇಲೊಂದು ಇಟ್ಟು ಕಾಯಿಸಿ ಬಡಿದು ಒಂದು ಮಾಡಿದ ಗುರುತು ಅದು. ಪದರದ ಕೆಲಸ, ನಡು ದಪ್ಪ, ಗುಂಡು ಅಂಚು, ವಾಲಿದ ಹುಲ್ಲು, ಬಾತು, ಇದೆಲ್ಲ ಸೇರಿ ಕೈ ತೋರಿಸೋದು ಅಕಸಾಕಾ ಕಡೆಗೆ. ಅಕಸಾಕಾ ಅಂದ್ರೆ ಇವತ್ತಿನ ಟೋಕಿಯೋದಲ್ಲಿರೋ ಅದೇ ಅಕಸಾಕಾ, ಮೆಟ್ರೋ ಇಳಿದ್ರೆ ಆಫೀಸು ಬಿಲ್ಡಿಂಗುಗಳು. ಹದಿನೇಳನೇ ಶತಮಾನದ ಮೊದಲರ್ಧದಲ್ಲಿ ತದಾಮಾಸಾ ಅನ್ನೋ ಕುಶಲಿಯಿಂದ ಅಲ್ಲಿ ಈ ಪರಂಪರೆ ಶುರು ಆಯ್ತು, ಎಡೋ ಕಾಲ ಮುಗಿಯೋ ತನಕ ತಲೆಮಾರಿಂದ ತಲೆಮಾರಿಗೆ ನಡೀತು. ಮೊದಮೊದಲ ತಲೆಮಾರಿನೋರು ಹೆಚ್ಚಾಗಿ ಸಹಿ ಹಾಕ್ತಿರ್ಲಿಲ್ಲ, ಆಮೇಲಿನೋರು ತದಾತೋಕಿ ಅನ್ನೋ ಹೆಸರಲ್ಲಿ ಹಾಕೋಕೆ ಶುರು ಮಾಡಿದ್ರು.

ಹಂಗಾದ್ರೆ ಮುರೊಮಾಚಿ ಅನ್ನೋದು ಅಲ್ಲೇ ಬಿತ್ತು, ಯಾಕಂದ್ರೆ ಆ ಪರಂಪರೆನೇ ಆಗ ಇರ್ಲಿಲ್ಲ. ಇನ್ನು ಎಡೋ ಕಾಲದ 1603ರಿಂದ 1868ರೊಳಗೆ ಎಲ್ಲಿ? ಇಲ್ಲಿ ನಾನು ಕೂಡಿಸಿ ಕಳೆದು ನೋಡಿದ್ದು ಹೀಗೆ. ಹುಲ್ಲಿನ ಎಸಳು ತುಂಬಾ ಸಣ್ಣಗೆ, ಒಂದೇ ಸಮ ದಪ್ಪದಲ್ಲಿದೆ, ಗರಗಸದ ಕೆಲಸ ಚೊಕ್ಕ, ಆದ್ರೆ ಮೊದಲ ತಲೆಮಾರುಗಳ ಕೆಲಸದ ಫೋಟೋಗಳಲ್ಲಿ ಕಾಣೋ ಆ ಉಸಿರಾಡೋ ಹಾಗಿರೋ ಖಾಲಿ ಜಾಗ ಇಲ್ಲಿಲ್ಲ, ಚಿತ್ರ ತುಂಬಿ ತುಳುಕ್ತಿದೆ. ಮೈಮೇಲಿನ ಕಪ್ಪು ಬಣ್ಣ ಸಮವಾಗಿದೆ, ಅಂಚಲ್ಲಿ ತೆಕ್ಕೋತ್ಸು ಇಲ್ಲ. ಉಳಿ ಗುರುತು ಇದೆ, ಹೆಚ್ಚಿಲ್ಲ, ಸೆಕಿಗಾನೆ ಒಂದೇ ಕಡೆ. ಹಿಂಗಾಗಿ ನಾನು ಬರ್ಕೊಂಡಿದ್ದು ಅಕಸಾಕಾ, ಹದಿನೆಂಟನೇ ಶತಮಾನದ ನಡುವಿಂದ ಹತ್ತೊಂಬತ್ತರ ಶುರು. ಐವತ್ತು ಅರವತ್ತು ವರ್ಷದ ಅಗಲ ಬಿಟ್ಟೇ ಬರೀಬೇಕು. ಸಹಿ ತಾರೀಖು ಇಲ್ಲದ ಕಬ್ಬಿಣಕ್ಕೆ ಯಾರಾದ್ರೂ 1740 ಅಂತ ಒಂದೇ ಇಸವಿ ಹೇಳಿದ್ರೆ ಅವರ ಹತ್ರ ಎರಡನೇ ವಸ್ತು ತಗೊಳ್ಬೇಡಿ.

ಆಮೇಲೆ ಅದನ್ನ ಎನ್‌ಬಿಟಿಎಚ್‌ಕೆ ಪರೀಕ್ಷೆಗೆ ಕೊಟ್ಟೆ. ಇದು 1948ರಲ್ಲಿ ಹುಟ್ಟಿದ ಜಪಾನಿ ಕತ್ತಿ ಸಂರಕ್ಷಣೆಯ ಸಂಸ್ಥೆ, ಟೋಕಿಯೋದ ರ್‍ಯೋಗೋಕು ಹತ್ರ ಇರೋ ಕತ್ತಿ ಮ್ಯೂಸಿಯಂ ಇವರದ್ದೇ. ಹೊಜೋನ್, ಅದರ ಮೇಲೆ ತೊಕುಬೆತ್ಸು ಹೊಜೋನ್, ಆಮೇಲೆ ಜೂಯೋ, ತೊಕುಬೆತ್ಸು ಜೂಯೋ ಅಂತ ಮೆಟ್ಟಿಲುಗಳು. ನಂದಕ್ಕೆ ಹೊಜೋನ್ ಕಾಗದ ಬಂತು, ಫೋಟೋ ಅಂಟಿಸಿ ಸಹಿಯಿಲ್ಲ, ಅಕಸಾಕಾ ಅಂತ ಬರೆದು ಮುದ್ರೆ ಒತ್ತಿದಾರೆ. ಕಾಲದ ಬಗ್ಗೆ ಅದರಲ್ಲಿ ಒಂದು ಅಕ್ಷರನೂ ಇಲ್ಲ. ಕಾಗದ ಬಂದ್ರೆ ಎಲ್ಲ ತೀರ್ಮಾನ ಆಯ್ತು ಅಂದ್ಕೊಳ್ಳೋರು ಇದನ್ನ ಗಮನಿಸ್ಬೇಕು, ಶಾಲೆ ಅವರು ಹೇಳ್ತಾರೆ, ತಲೆಮಾರು ಯಾವುದು ಅಂತ ಅಗೆಯೋ ಕೆಲಸ ನಮಗೇ ಉಳಿಯತ್ತೆ, ಮತ್ತೆ ನನಗೆ ಇಷ್ಟ ಆಗೋದೂ ಅದೇ ಭಾಗ.

ಎರಕದ ನಕಲಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕೊರೆದ ಭಾಗದ ಒಳಗೋಡೆ ಮಧ್ಯದಲ್ಲಿ ಅಚ್ಚು ಸೇರಿದ ಉಬ್ಬು ಗೆರೆ ಇದ್ರೆ ಕೆಳಗಿಟ್ಟು ಮುಂದೆ ಹೋಗಿ. ಮೂಲೆಗಳು ಚೂಪಾಗಿರದೇ ಕರಗಿದ ಹಾಗೆ ಇದ್ರೆ, ಮೈಯಲ್ಲಿ ಗುಳ್ಳೆ ಒಡೆದ ಸಣ್ಣ ಸಣ್ಣ ಗುಂಡು ಕುಳಿ ಇದ್ರೆ ಅದೂ ಎರಕ. ಅಯಸ್ಕಾಂತ ಹಿಡೀತು ಅಂದ್ರೆ ಸಾಕಾಗಲ್ಲ, ಎರಕದ ಕಬ್ಬಿಣವೂ ಹಿಡಿಯತ್ತೆ, ಆದ್ರೆ ಕಬ್ಬಿಣ ಅಂತ ಮಾರ್ತಿರೋದಕ್ಕೆ ಅಯಸ್ಕಾಂತ ಹಿಡಿಯದೇ ಇದ್ರೆ ಅದು ಸತುವಿನಂಥ ಬೇರೆ ಲೋಹದ ಎರಕಕ್ಕೆ ಬಣ್ಣ ಹಚ್ಚಿದ್ದು. ಇತ್ತೀಚಿನ ಲೇಸರ್ ಕಟ್ ಪ್ರತಿಗಳಲ್ಲಿ ಒಳಗೋಡೆ ಮೇಲೆ ಮೇಲಿಂದ ಕೆಳಗೆ ಒಂದೇ ಅಂತರದ ಸಣ್ಣ ಗೆರೆ ಸಾಲು ಇರತ್ತೆ, ಕೈಯ ಗರಗಸ ಅರ ಹಂಗೆ ಒಂದೇ ಸಮ ಓಡಲ್ಲ. ದಾರದಲ್ಲಿ ತೂಗಿ ತಟ್ಟಿ ಸದ್ದು ಕೇಳೋರಿದಾರೆ, ಬಡಿದ ಕಬ್ಬಿಣ ಗಣಗಣ ಅನ್ನತ್ತೆ ಅಂತ. ನಾನು ತಟ್ತೀನಿ, ಆದ್ರೆ ಜಾಲಂದ್ರ ಎಷ್ಟು ಕೊರೆದಿದಾರೆ ಅನ್ನೋದ್ರ ಮೇಲೆ ಸದ್ದು ಬದಲಾಗೋದ್ರಿಂದ ತೀರ್ಪಿಗೆ ಅದನ್ನ ಎಣಿಸಲ್ಲ.

ಕಬ್ಬಿಣ ಬಿಟ್ಟು ಬೇರೆ ಲೋಹಕ್ಕೆ ಬಂದ್ರೆ ಇನ್ನೊಂದು ಪ್ರಪಂಚ. ಶಾಕುದೋ ಅಂತ ಒಂದಿದೆ, ತಾಮ್ರಕ್ಕೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಭಾಗ ಚಿನ್ನ ಸೇರಿಸಿದ ಮಿಶ್ರಲೋಹ. ಅದನ್ನ ರೊಕುಶೋ ಅನ್ನೋ ತಾಮ್ರದ ಲವಣ ಹಾಕಿದ ದ್ರಾವಣದಲ್ಲಿ ಕುದಿಸಿದ್ರೆ ನೇರಳೆ ಛಾಯೆಯ ಗಾಢ ಕಪ್ಪು ಬರತ್ತೆ, ಕುದಿಸೋ ಮುಂಚೆ ಮೂಲಂಗಿ ರಸ ಹಚ್ಚೋದೂ ಉಂಟು. ಬೀದರಿನ ಬಿದ್ರಿ ನೋಡಿದೋರಿಗೆ ಈ ಮಾತು ಬೇಗ ಹತ್ತತ್ತೆ: ಅಲ್ಲೂ ಸತು ತಾಮ್ರದ ಬೂದು ಲೋಹಕ್ಕೆ ಕೋಟೆಯ ಮಣ್ಣು ನವಸಾಗರ ಹಚ್ಚಿದ ಮೇಲೆ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಿಯಾಗೇ ಉಳಿಯತ್ತೆ, ಇಲ್ಲೂ ಶಾಕುದೋ ಕಪ್ಪಾಗಿ ಅದರಲ್ಲಿ ಕೂರಿಸಿದ ಚಿನ್ನ ಹಂಗೇ ಹೊಳೀತಾ ನಿಲ್ಲತ್ತೆ, ಬಣ್ಣ ಬಳಿದಿದ್ದಲ್ಲ, ಲೋಹದ್ದೇ ಚರ್ಮ. ತಾಮ್ರಕ್ಕೆ ಸುಮಾರು ಕಾಲು ಭಾಗ ಬೆಳ್ಳಿ ಸೇರಿಸಿದ್ದು ಶಿಬುಇಚಿ, ಅದು ಬೂದು ಕಡೆಗೆ. ಹಿತ್ತಾಳೆ ಥರದ್ದು ಸೆಂತೋಕು. ಶುದ್ಧ ಮಾಡದ ಹಳೇ ತಾಮ್ರ ಯಮಾಗಾನೆ, ಇದು ಕಂದು ಕಪ್ಪು ಕಲೆ ಕಲೆಯಾಗಿ ಬಹಳ ಚೆನ್ನಾಗಿ ಮಾಗಿರತ್ತೆ.

ಕಾಲ ಕಟ್ಟೋಕೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬರೋ ಉಪಾಯ ಅಂದ್ರೆ, ಇದಕ್ಕಿಂತ ಹಿಂದೆ ಇರೋಕೆ ಸಾಧ್ಯ ಇಲ್ಲ ಅನ್ನೋ ಗೆರೆ ಎಳೆಯೋದು. ಉದಾಹರಣೆಗೆ ಕತಾಕಿರಿ ಅನ್ನೋ ಕೆತ್ತನೆ, ಉಳಿಯನ್ನ ವಾರೆ ಮಾಡಿ ಒಂದು ಬದಿ ಆಳ ಒಂದು ಬದಿ ಇಳಿಜಾರು ಬರೋ ಹಾಗೆ ಗೀಚೋದು, ಕುಂಚದ ಗೆರೆ ಥರ ಕಾಣತ್ತೆ. ಇದನ್ನ ದೊಡ್ಡದಾಗಿ ಬೆಳೆಸಿದ್ದು ಯೊಕೋಯಾ ಸೋಮಿನ್, ಅವರ ಕಾಲ 1670ರಿಂದ 1733. ಹಂಗಾದ್ಮೇಲೆ ಕುಂಚದ ಗೆರೆಯ ಪಳಗಿದ ಕತಾಕಿರಿ ಇರೋ ತ್ಸುಬಾನ 1600 ಅಂತ ಮಾರೋಕೆ ಬಂದ್ರೆ ನಮಸ್ಕಾರ ಹೇಳಿ ಬಂದ್ಬಿಡಬಹುದು. ಹಂಗೇ ಪೋರ್ಚುಗೀಸರು ಜಪಾನಿಗೆ ಬಂದಿದ್ದು 1543ರಲ್ಲಿ, ನಂಬಾನ್ ಅಂತ ಕರೆಯೋ ವಿದೇಶಿ ಶೈಲಿಯ ಬಳ್ಳಿ ಡ್ರ್ಯಾಗನ್ ಹೆಣೆದ ಕಬ್ಬಿಣದ ತ್ಸುಬಾಗಳು ಅದಕ್ಕಿಂತ ಈಚೆಯವು, ನಾವು ಅಂಗಡೀಲಿ ನೋಡೋದು ಹೆಚ್ಚುಕಮ್ಮಿ ಎಲ್ಲ ಎಡೋ ಕಾಲದ್ದೇ. ಇವುಗಳಲ್ಲಿ ಭಾರತದ ಕಡೆಯಿಂದ ಹಡಗಲ್ಲಿ ಹೋದ ವಸ್ತುಗಳ ನೆರಳೂ ಇದೆ ಅಂತ ನನಗೆ ಬಳ್ಳಿ ಕೆಲಸ ನೋಡಿದಾಗೆಲ್ಲ ಅನ್ಸತ್ತೆ, ಇದು ನನ್ನ ಅನಿಸಿಕೆ ಅಷ್ಟೇ.

ಈಚಿನ ಗೆರೆ 1876. ಆ ವರ್ಷ ಮಾರ್ಚಲ್ಲಿ, ಎಡೋ ಕಾಲ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಕೊಂಡು ಓಡಾಡೋದನ್ನೇ ನಿಷೇಧ ಮಾಡ್ತು. ನೂರಾರು ವರ್ಷದಿಂದ ಇದೇ ಕಸುಬು ಮಾಡ್ಕೊಂಡು ಬಂದ ಮನೆಗಳ ಅನ್ನ ಹೋಯ್ತು, ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ. ಕೆಲವರು ವಿದೇಶೀ ಗಿರಾಕಿಗಳಿಗೆ ಹೂದಾನಿ, ಡಬ್ಬಿ ಮಾಡೋಕೆ ಹೋದ್ರು. ಕಾನೋ ನತ್ಸುಓ ಅನ್ನೋ ಮಹಾ ಕಲಾವಿದರು ಹೊಸ ಸರ್ಕಾರದ ನಾಣ್ಯಗಳ ಅಚ್ಚಿನ ಕೆಲಸ ಮಾಡಿದ್ರು, ಆಮೇಲೆ ಟೋಕಿಯೋ ಕಲಾ ಶಾಲೇಲಿ ಮೇಷ್ಟ್ರಾದ್ರು, 1898ರಲ್ಲಿ ತೀರಿಕೊಂಡ್ರು. ಇನ್ನು ಕೆಲವರು ಯೊಕೋಹಾಮಾ ಬಂದರಿಂದ ರಫ್ತು ಮಾಡೋಕೆ ಅಂತಲೇ ತ್ಸುಬಾ ಮಾಡಿದ್ರು, ಕಣ್ಣಿಗೆ ಹೊಡೆಯೋ ಚಿನ್ನ, ತುಂಬಾ ಎತ್ತರದ ಉಬ್ಬು ಕೆತ್ತನೆ, ಯಾವ ಕತ್ತಿಗೂ ಕೂರದಂಥ ತೂತು. ಅಂಥದನ್ನ ಕೀಳು ಅಂತ ನಾನು ಹೇಳಲ್ಲ, ಕೆಲವಂತೂ ಅದ್ಭುತ ಕೆಲಸ, ಕಾಲ ಮಾತ್ರ ಸರಿಯಾಗಿ ಮೇಜಿ ಅಂತ ಬರೀರಿ.

ಅಂತೂ ಸಹಿಗೆ ಬಂದ್ವಿ. ಸಹಿ ಸಾಮಾನ್ಯವಾಗಿ ಸೆಪ್ಪಾದಾಯ್ ಮೇಲೆ ತೂತಿನ ಎಡ ಬಲ ಇರತ್ತೆ, ಬಹಳ ಸಲ ಮೊದ್ಲು ಪ್ರಾಂತ್ಯ, ಆಮೇಲೆ ವಾಸ ಅನ್ನೋ ಅರ್ಥದ ಜೂ ಅಕ್ಷರ, ಆಮೇಲೆ ಹೆಸರು. ಬುಶೂ ಜೂ ಅಂದ್ರೆ ಎಡೋ ಇದ್ದ ಮುಸಾಶಿ ಪ್ರಾಂತ್ಯದೋರು, ಚೋಶೂ ಹಾಗಿ ಜೂ ಅಂದ್ರೆ ಪಶ್ಚಿಮ ತುದಿಯ ಹಾಗಿ ಊರಿನೋರು. ಪ್ರಾಂತ್ಯದ ಒಂದಿಪ್ಪತ್ತು ಅಕ್ಷರ ಬಾಯಿಪಾಠ ಮಾಡ್ಕೊಂಡ್ರೆ ಕಾಂಜಿ ಅನ್ನೋ ಜಪಾನಿ ಅಕ್ಷರ ಓದೋಕೆ ಬರದೇ ಇದ್ರೂ ಅರ್ಧ ಕೆಲಸ ಆಗತ್ತೆ, ಇದನ್ನ ನಾನು ಹೊಸಬರಿಗೆಲ್ಲ ಹೇಳ್ತೀನಿ.

ಆದ್ರೆ ಹೆಸರು ಎಷ್ಟು ದೊಡ್ಡದೋ ಅಷ್ಟು ಅನುಮಾನ ಪಡಿ. ನೊಬುಇಏ, ಕಾನೆಇಏ ಅನ್ನೋ ಹೆಸರಾಂತ ಹಳೇ ತ್ಸುಬಾ ಕುಶಲಿಗಳ ಈ ಎರಡು ಹೆಸರನ್ನ ನಂತರದೋರು ಎಷ್ಟು ಕೆತ್ತಿದಾರೆ ಅಂದ್ರೆ ಆ ಸಹಿ ಕಂಡ ತಕ್ಷಣ ಅಸಲಿ ಅಲ್ಲ ಅಂತ ಶುರು ಮಾಡಿ ಆಮೇಲೆ ಹಿಂದಕ್ಕೆ ಬರೋದೇ ಕ್ಷೇಮ. ಎಲ್ಲಕ್ಕಿಂತ ಹೆಚ್ಚು ಕೈಗೆ ಸಿಗೋದು ಸೋತೆನ್ ಅನ್ನೋ ಸಹಿ. ಹಿಕೋನೆ ಊರಿನ ಸೋಹೇಶಿ ನ್ಯೂದೋ ಸೋತೆನ್ ಅಂತ ಉದ್ದಕ್ಕೆ ಬರೆದಿರತ್ತೆ, ಕಬ್ಬಿಣದಲ್ಲಿ ಯುದ್ಧದ ದೃಶ್ಯ, ಚೀನಾದ ಋಷಿಗಳು, ಮರ, ಬಂಡೆ ಎಲ್ಲ ಆರಪಾರ ಕೊರೆದು ಮುಖಕ್ಕೆ ಬಟ್ಟೆಗೆ ಚಿನ್ನ ಬೆಳ್ಳಿ ಹಚ್ಚಿರ್ತಾರೆ. ಈ ಶೈಲಿ ಎಷ್ಟು ಜನಪ್ರಿಯ ಆಯ್ತು ಅಂದ್ರೆ ಹಿಕೋನೇಲೂ ಹೊರಗೂ ಎಷ್ಟೋ ಜನ ಅದೇ ಸಹಿ ಹಾಕಿ ಮಾಡಿದ್ರು, ಆ ಸಹಿ ಶೈಲಿಯ ಗುರುತು ಅಂತ ಓದ್ಬೇಕೇ ಹೊರತು ಒಬ್ಬ ಮನುಷ್ಯನ ಗುರುತು ಅಂತ ಅಲ್ಲ. ನಾನು ಅಂಥದ್ದನ್ನ ನೋಡೋವಾಗ ಋಷಿಯ ಮುಖಕ್ಕೆ ಲೂಪ್ ಇಡ್ತೀನಿ. ಒಳ್ಳೇ ಕೈಯಲ್ಲಿ ಕಣ್ಣುಗುಡ್ಡೆ, ಮೂಗಿನ ಹೊಳ್ಳೆ, ಗಡ್ಡದ ಎಳೆ ಪ್ರತಿಯೊಂದನ್ನೂ ಬೇರೆ ಬೇರೆ ಉಳಿಯಲ್ಲಿ ತೆಗೆದಿರ್ತಾರೆ, ಅವಸರದ ಕೆಲಸದಲ್ಲಿ ಮೂರು ಹೊಡೆತಕ್ಕೆ ಮುಖ ಮುಗಿದಿರತ್ತೆ. ಸಹೀನ ಹೋಲಿಸ್ಬೇಕು ಅಂದ್ರೆ ಅಕ್ಷರದ ಆಕಾರ ಮಾತ್ರ ನೋಡಿದ್ರೆ ಸಾಲ್ದು, ಉಳಿ ಎಲ್ಲಿ ಇಳೀತು, ಎಲ್ಲಿ ತಿರುಗ್ತು, ಗೆರೆ ಕೊನೇಲಿ ಎತ್ತಿದ್ದು ಹೇಗೆ, ಇದನ್ನ ಓರೆ ಬೆಳಕಿನ ಫೋಟೋ ತೆಗೆದು ಮ್ಯೂಸಿಯಂ ಫೋಟೋ ಪಕ್ಕ ಇಟ್ಟು ನೋಡಿ. ಮತ್ತೆ ಸಹಿಯ ಗೆರೆ ಉಳಿ ಗುರುತಿನ ಕೆಳಗಿದ್ಯಾ ಮೇಲಿದ್ಯಾ ಅಂತಲೂ ನೋಡಿ, ಹಳೇ ಉಳಿ ಗುರುತಿನ ಮೇಲೆ ಹಾದು ಸಹಿ ಹೋಗಿದ್ರೆ ಕಥೆ ಅಲ್ಲಿಗೇ ಮುಗೀತು.

ಕ್ಲೀನ್ ಮಾಡೋ ವಿಷಯ ಹೇಳ್ದೇ ಇದ್ರೆ ತಪ್ಪಾಗತ್ತೆ, ಯಾಕಂದ್ರೆ ಮೇಲೆ ಹೇಳಿದ ಎಲ್ಲ ಸಾಕ್ಷಿ ಇರೋದು ಆ ಚರ್ಮದಲ್ಲೇ. ದಯವಿಟ್ಟು ಹುಣಸೇಹಣ್ಣು ನಿಂಬೆಹಣ್ಣು ಹಿಡ್ಕೊಂಡು ಹತ್ರ ಹೋಗ್ಬೇಡಿ. ನಮ್ಮ ಮನೆ ತಾಮ್ರದ ಚೊಂಬಿಗೆ ಅದು ಸರಿ, ಶಾಕುದೋಗೆ ಹುಳಿ ತಾಗಿದ್ರೆ ಆ ಕಪ್ಪು ಕಿತ್ತು ಬಂದು ಕೆಂಪು ತಾಮ್ರ ಕಾಣತ್ತೆ, ಆಮೇಲೆ ಪಳಗಿದೋರು ಮತ್ತೆ ಬಣ್ಣ ಕಟ್ಟಿದ್ರೂ ಹಳೇ ಚರ್ಮ ವಾಪಸ್ ಬರಲ್ಲ. ಹಿತ್ತಾಳೆ ಪಾಲಿಶ್, ಸ್ಟೀಲ್ ಉಜ್ಜುಗ, ತುಕ್ಕು ಕರಗಿಸೋ ದ್ರವ ಯಾವುದೂ ಬೇಡ. ಕಬ್ಬಿಣದ ಮೇಲೆ ಕೆಂಪು ತುಕ್ಕು ಎದ್ದಿದ್ರೆ ಜಿಂಕೆ ಕೊಂಬಿನ ಚೂರಿಂದ ನಿಧಾನಕ್ಕೆ ಕೆರೆಯೋದು ಇಲ್ಲಿನ ಹಳೇ ಪದ್ಧತಿ, ಕೊಂಬು ಕಬ್ಬಿಣಕ್ಕಿಂತ ಮೆತ್ತಗಿರೋದ್ರಿಂದ ಕೆಂಪು ಹೋಗತ್ತೆ, ಒಳಗಿನ ಕಪ್ಪು ಉಳಿಯತ್ತೆ. ನಾನು ಬಿದಿರು ಕಡ್ಡೀನೂ ಉಪಯೋಗಿಸ್ತೀನಿ. ಆಮೇಲೆ ಒಣ ಹತ್ತಿ ಬಟ್ಟೇಲಿ ಟೀವಿ ನೋಡ್ತಾ ಉಜ್ಜೋದು, ದಿನಾ ಸ್ವಲ್ಪ ಹೊತ್ತು. ಜೂನಲ್ಲಿ ಟೋಕಿಯೋ ಮಳೆಗಾಲ ಶುರುವಾದಾಗ ಕಬ್ಬಿಣದೋವನ್ನ ವಾರಕ್ಕೊಂದ್ಸಲ ತೆಗೆದು ನೋಡ್ತೀನಿ.

ಕೊನೆಗೆ ನನಗೆ ಇನ್ನೂ ಬಗೆಹರಿಯದ ಒಂದು. ತೆಳು ಕಬ್ಬಿಣದ ಬಿಲ್ಲೆ, 86 ಮಿಲಿಮೀಟರ್ ಎತ್ತರ, ದಪ್ಪ 2.5, ಸಮತಟ್ಟು, ಅಲಂಕಾರ ಅಂದ್ರೆ ಬರೀ ಒಂದು ಸಣ್ಣ ಪ್ಲಮ್ ಹೂವಿನ ಆಕಾರ ಆರಪಾರ ಕೊರೆದಿದ್ದು. ಕತ್ತಿ ಕಮ್ಮಾರರೇ ಮಾಡ್ತಿದ್ರು ಅಂತ ಹೇಳೋ ತೋಶೋ ಶೈಲಿ. ಅಂಚು ಮೇಲಕ್ಕೆ ಎದ್ದಿದ್ರೆ ಕವಚ ಮಾಡೋರ ಕತ್ಚೂಶಿ ಶೈಲಿ ಅಂತ ಹೇಳ್ತಾರೆ, ಇದರಲ್ಲಿ ಎದ್ದಿಲ್ಲ. ಅರ್ಧಚಂದ್ರದ ತೂತು ಹೂವಿನ ಒಂದು ಎಸಳನ್ನ ತಿಂದಿದೆ, ಅಂದ್ರೆ ಆಮೇಲೆ ಕೊರೆದಿದ್ದು, ಒಳಗೋಡೇಲಿ ಅರದ ಗುರುತು ಇನ್ನೂ ಕಾಣತ್ತೆ. ಬಿಲ್ಲೆ ತೂತಿಗಿಂತ ಹಳೇದು ಅನ್ನೋದು ಖಂಡಿತ, ಆದ್ರೆ ಎಷ್ಟು ಹಳೇದು? ಹದಿನಾರನೇ ಶತಮಾನದ್ದೂ ಹಿಂಗೇ ಇರತ್ತೆ, ಎಡೋ ಕಾಲದಲ್ಲಿ ಹಳೇ ರುಚಿಯೋರಿಗೆ ಅಂತ ಮಾಡಿದ್ದೂ ಹಿಂಗೇ ಇರತ್ತೆ. ಮೈಯಲ್ಲಿ ಸುತ್ತಿಗೆ ಗುರುತು ಮೆತ್ತಗೆ ಸವೆದಿದೆ, ನಡುವಿನ ತೂತಿನ ಸುತ್ತ ಎರಡು ಬೇರೆ ಅಗಲದ ಉಳಿಗಳ ಗುರುತು ಒಂದರ ಮೇಲೊಂದು ಇದೆ, ಹಂಗಾಗಿ ನನ್ನ ಒಲವು ಹಿಂದಿನದರ ಕಡೆಗೇ. ಮುಂದಿನ ಪರೀಕ್ಷೆಗೆ ಇದನ್ನೇ ಕಳಿಸೋದು ಅಂತಿದೀನಿ, ಅಲ್ಲಿವರೆಗೆ ಅದರ ಕಾರ್ಡಲ್ಲಿ ತೋಶೋ, ಮುರೊಮಾಚಿ ಕೊನೆ ಅಥವಾ ಎಡೋ ಅಂತ ಪೆನ್ಸಿಲಲ್ಲಿ ಬರೆದಿಟ್ಟಿದೀನಿ.